ಸಹಾಯ ಬೇಕು: ಮನೆ ರಿನೋವೇಶನ್‌ಗೆ ಇಂಟೀರಿಯರ್ ಡಿಸೈನರ್ ಹಿಡಿದವರು ದಯವಿಟ್ಟು ಅನುಭವ ತಿಳಿಸಿ

ಎಲ್ಲರಿಗೂ ನಮಸ್ಕಾರ. ಮೈಸೂರು ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ ಹಳೇ ಮನೆ ನಮ್ಮದು. ಅಡುಗೆಮನೆ ಪೂರ್ತಿ ಬದಲಾಯಿಸಿ, ರೂಮುಗಳಿಗೆ ವಾರ್ಡ್‌ರೋಬ್ ಮಾಡಿಸಬೇಕು. ಒಬ್ಬ ಡಿಸೈನರ್ ಕೊಟೇಶನ್ ಕೊಟ್ಟಿದ್ದಾರೆ. ತ್ರೀಡಿ ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಪ್ಲೈವುಡ್ ಕಾಲಂನಲ್ಲಿ ಬರೀ ‘ಪ್ರೀಮಿಯಂ ಕ್ವಾಲಿಟಿ’ ಅಂತಿದೆ. ಸಿಂಕ್ ಕೆಳಗೆ ನೀರು ತಡೆಯುವ ಐಎಸ್ 710 ಮಾರ್ಕಿನ ಬಿಡಬ್ಲ್ಯೂಪಿ ಪ್ಲೈ ಹಾಕ್ತೀರಾ ಅಂತ ಕೇಳಿದ್ರೆ “ಅದೇ ಹಾಕೋದು ಸಾರ್, ಚಿಂತೆ ಬಿಡಿ” ಅಂತಾರೆ, ಬರೆದು ಕೊಡೋಕೆ ಒಪ್ಪಲ್ಲ. ಶೇ. 18 ಜಿಎಸ್‌ಟಿ ಸೇರಿದೆಯಾ ಅನ್ನೋದೂ ಸ್ಪಷ್ಟವಿಲ್ಲ. ಅರ್ಧ ದುಡ್ಡು ಮುಂಗಡ ಕೇಳ್ತಿದ್ದಾರೆ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ದಿನವಿಡೀ ಅಡುಗೆಮನೆಯಲ್ಲಿ ನಿಲ್ಲೋದು ಅಮ್ಮ. ಅವರು ಕುಳ್ಳಗಿದ್ದಾರೆ, ಭುಜದ ನೋವೂ ಇದೆ. ಅವರನ್ನ ಒಂದು ಮಾತೂ ಕೇಳದೆ ಕಟ್ಟೆ ಎತ್ತರ 34 ಇಂಚು ಅಂತ ಹಾಕಿದ್ದಾರೆ. ಗ್ರೈಂಡರ್‌ಗೆ ಜಾಗವೇ ಇಲ್ಲ.

ಡಿಸೈನರ್ ಕೈಲಿ ಮಾಡಿಸಿದವರು ಹೇಳಿ: ಹಣ ಯಾವ ಯಾವ ಹಂತದಲ್ಲಿ ಕೊಟ್ರಿ? ಪ್ಲೈ, ಹಿಂಜ್, ಡ್ರಾಯರ್ ಚಾನೆಲ್ ಬ್ರ್ಯಾಂಡ್ ಅಗ್ರಿಮೆಂಟಲ್ಲಿ ಬರೆಸಿದ್ರಾ? ಕೆಲಸ ಮುಗಿದ ಮೇಲೆ ಬಾಗಿಲು ಜೋತುಬಿದ್ರೆ ಕರೆದಾಗ ಬರ್ತಾರಾ? ಅಥವಾ ಒಳ್ಳೆ ಕಾರ್ಪೆಂಟರ್‌ಗೆ ನೇರವಾಗಿ ಕೊಡೋದೇ ವಾಸಿನಾ? ಮೈಸೂರಿನಲ್ಲಿ ಮಾಡಿಸಿದ ಅಡುಗೆಮನೆ ನೋಡೋಕೆ ಯಾರಾದ್ರೂ ಅವಕಾಶ ಕೊಟ್ರೆ ಅಮ್ಮನನ್ನೂ ಕರ್ಕೊಂಡು ಬರ್ತೀನಿ. ಮುಂಗಡ ಇನ್ನೂ ಕೊಟ್ಟಿಲ್ಲ.