ತಾಲ್ಲೂಕು ಮಟ್ಟದಲ್ಲಿ ಶಾಂತಿಗಾಗಿ ಸಂಘಟನೆಗಳ ಒಕ್ಕೂಟ: ನೋಂದಣಿ ಮಾಡಿಸಬೇಕೇ, ಯಾರನ್ನು ಸೇರಿಸಬೇಕು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಚಿಂತಾಮಣಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಕೆಲವು ಪ್ರತಿನಿಧಿಗಳು, ರೈತ ಸಂಘದ ಒಂದು ಬಣ, ದಲಿತ ಸಂಘಟನೆಯ ಇಬ್ಬರು ಹಿರಿಯರು, ಒಂದು ಮಸೀದಿಯ ಸಮಿತಿಯವರು ಮತ್ತು ನನ್ನಂಥ ನಿವೃತ್ತ ಶಿಕ್ಷಕರು ಸೇರಿ, ಜಾತಿ ಅಥವಾ ಕೋಮಿನ ಹೆಸರಿನ ಜಗಳಗಳು ಹೊಡೆದಾಟಕ್ಕೆ ತಿರುಗುವ ಮೊದಲೇ ನಡುವೆ ನಿಲ್ಲಬಲ್ಲ ಒಂದು ಒಕ್ಕೂಟವನ್ನು ಕಟ್ಟಲು ಪ್ರಯತ್ನಿಸುತ್ತಿದ್ದೇವೆ. ಮೂರು ಸಭೆಗಳಾಗಿವೆ. ಮೂರನೆಯದು ಹೆಸರಿನ ವಿಷಯಕ್ಕೇ ಮುರಿದುಬಿತ್ತು.

‘ಶಾಂತಿ ಸಮಿತಿ’ ಎಂಬ ಹೆಸರನ್ನು ನಾನೇ ಸೂಚಿಸಿದ್ದೆ. ಗಣೇಶನ ಹಬ್ಬಕ್ಕೂ ಬಕ್ರೀದಿಗೂ ಮುನ್ನ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿ ಸಭೆ, ಅಲ್ಲಿಯ ಟೀ ಬಿಸ್ಕತ್ತು, ಮರುದಿನ ಪತ್ರಿಕೆಯಲ್ಲಿ ಬರುವ ಫೋಟೊ ಬಿಟ್ಟರೆ ಆ ಹೆಸರಿಗೆ ಬೇರೆ ಅರ್ಥವೇ ಉಳಿದಿಲ್ಲವೆಂದು ಯುವಕರು ನಕ್ಕರು. ದಲಿತ ಸಂಘಟನೆಯ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಈ ತಾಲ್ಲೂಕಿನಲ್ಲಿ ಶಾಂತಿ ಎಂದರೆ ನಾವು ಬಾಯಿ ಮುಚ್ಚಿಕೊಂಡಿರುವುದು ಎಂದೇ ಅರ್ಥವಾಗಿದೆ, ಆ ಪದದ ಕೆಳಗೆ ನಾನು ಸಹಿ ಹಾಕಲಾರೆ ಎಂದು ಹೇಳಿ ಎದ್ದುಹೋದರು. ಅವರನ್ನು ತಡೆದು ನಿಲ್ಲಿಸುವ ಉತ್ತರ ನನ್ನ ಬಳಿ ಇರಲಿಲ್ಲ.

ಒಕ್ಕೂಟವನ್ನು ಸಂಘವಾಗಿ ನೋಂದಣಿ ಮಾಡಿಸುವುದು ಒಳ್ಳೆಯದೇ, ಅಥವಾ ಸಡಿಲವಾಗಿ ಬಿಡಬೇಕೇ? ಒಬ್ಬರ ಉದ್ದೇಶ ಇನ್ನೊಬ್ಬರಿಗೆ ಒಪ್ಪಿಗೆಯಾಗದ ಸಂಘಟನೆಗಳು ಒಂದೇ ಚಾಪೆಯ ಮೇಲೆ ಕುಳಿತು ಕೆಲಸ ಮಾಡಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.

ಉತ್ತರ 1: ರೀಲರ್, ಶಿಡ್ಲಘಟ್ಟ

ಮೇಡಂ, ನಮಸ್ಕಾರ. ನಮ್ಮ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ತರುವ ರೈತರಲ್ಲಿ ಬಹುಪಾಲು ಹಿಂದೂಗಳು, ಅದನ್ನು ಹರಾಜಿನಲ್ಲಿ ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ ಬಹುಪಾಲು ನಾವು ಮುಸ್ಲಿಮರು. ಗೂಡನ್ನು ಹಾಗೆಯೇ ಇಟ್ಟರೆ ಕೆಲವೇ ದಿನಗಳಲ್ಲಿ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಿಂದ ಎಳೆ ತೆಗೆಯಲಾಗುವುದಿಲ್ಲ. ಆದ್ದರಿಂದ ಊರಿನಲ್ಲಿ ಗಲಾಟೆಯಾಗಿ ಮಾರುಕಟ್ಟೆ ನಾಲ್ಕು ದಿನ ಮುಚ್ಚಿದರೆ ರೈತನ ಬೆಳೆಯೂ ಹೋಗುತ್ತದೆ, ನಮ್ಮ ಒಲೆಯೂ ಆರುತ್ತದೆ. ಯಾರ ಹೊಲದ ಗೂಡಿನಲ್ಲಿ ಎಳೆ ಚೆನ್ನಾಗಿ ಬರುತ್ತದೆ ಎಂಬುದು ನಮಗೆ ಗೊತ್ತು, ಯಾವ ರೀಲರ್ ಹಣವನ್ನು ಸತಾಯಿಸುವುದಿಲ್ಲ ಎಂಬುದು ಅವರಿಗೆ ಗೊತ್ತು. ನಿಮ್ಮ ಒಕ್ಕೂಟಕ್ಕೆ ಭಾಷಣ ಮಾಡುವವರಿಗಿಂತ ಮೊದಲು ಹೀಗೆ ಎರಡೂ ಬೀದಿಗಳಲ್ಲಿ ಹೆಸರು ಹಿಡಿದು ಕರೆಯಬಲ್ಲವರನ್ನು ಹುಡುಕಿ. ಹಾಲಿನ ಡೇರಿಯ ಕಾರ್ಯದರ್ಶಿ, ಮಾವಿನ ಮಂಡಿಯ ಗುಮಾಸ್ತ, ಆಶಾ ಕಾರ್ಯಕರ್ತೆ, ಇಂಥವರು.

ಆದರೆ ವ್ಯಾಪಾರವಿದ್ದ ಕಡೆ ಶಾಂತಿ ತಾನಾಗಿಯೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಮಹಾರಾಷ್ಟ್ರದ ಭಿವಂಡಿಯಲ್ಲಿ ನಮ್ಮಂತೆಯೇ ನೂಲನ್ನು ನಂಬಿದ ಜನ, ಊರ ತುಂಬ ವಿದ್ಯುತ್ ಮಗ್ಗಗಳು. ಆದರೂ 1984ರಲ್ಲಿ ಅಲ್ಲಿ ಭೀಕರ ಗಲಭೆಯಾಯಿತು. ಅದಾದ ನಾಲ್ಕು ವರ್ಷಗಳ ಮೇಲೆ, 1988ರಲ್ಲಿ, ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಎರಡೂ ಸಮುದಾಯದವರನ್ನು ಸೇರಿಸಿ ಪ್ರತಿ ಬಡಾವಣೆಗೂ ಮೊಹಲ್ಲಾ ಸಮಿತಿಗಳನ್ನು ಮಾಡಿದರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಎರಡು ಸಲವೂ ವ್ಯಾಪಾರ ಇದ್ದೇ ಇತ್ತು. ಎರಡನೆಯ ಸಲ, ಜಗಳವಿಲ್ಲದ ದಿನಗಳಲ್ಲೂ ಒಟ್ಟಿಗೆ ಕುಳಿತು ನಲ್ಲಿ, ಚರಂಡಿಯ ವಿಷಯ ಮಾತನಾಡಿ ಅಭ್ಯಾಸವಾಗಿದ್ದ ಜನ ಇದ್ದರು ಎಂಬುದೇ ವ್ಯತ್ಯಾಸ ಎಂದು ನನಗೆ ತೋರುತ್ತದೆ. ಹಬ್ಬಕ್ಕೆ ಎರಡು ದಿನವಿದ್ದಾಗ ಕರೆಯುವ ಸಭೆಯಿಂದ ಈ ಅಭ್ಯಾಸ ಬರುವುದಿಲ್ಲ.

ಉತ್ತರ 2: ದಲಿತ ಚಳವಳಿಯ ಹಳೆಯ ಕಾರ್ಯಕರ್ತ, ಕೋಲಾರ

ಮೇಡಂ ಅವರೇ, ಎದ್ದುಹೋದ ಹಿರಿಯರ ಮಾತಿಗೆ ಉತ್ತರ ನಿಮ್ಮ ತಾಲ್ಲೂಕಿನಲ್ಲೇ ಇದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಆಗ ಚಿಂತಾಮಣಿ ಕೋಲಾರ ಜಿಲ್ಲೆಗೇ ಸೇರಿತ್ತು. ರಾಜ್ಯದ ಮೂಲೆಮೂಲೆಯಿಂದ ಸಂಘಟನೆಗಳು ಬಂದವು, ಮೆರವಣಿಗೆಗಳಾದವು, ಮಂತ್ರಿಗಳು ಬಂದುಹೋದರು. ಆಮೇಲೆ ನ್ಯಾಯಾಲಯದಲ್ಲಿ ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು.

ನಾನು ಆ ಸಾಕ್ಷಿಗಳನ್ನು ದೂರುವವನಲ್ಲ. ಮೆರವಣಿಗೆಯ ದಿನ ಸಾವಿರಾರು ಜನರಿದ್ದೆವು; ಆರು ವರ್ಷ ಅದೇ ಊರಿನಲ್ಲಿ ನೀರು, ಕೂಲಿ, ಸಾಲಕ್ಕಾಗಿ ಇತರರನ್ನು ಅವಲಂಬಿಸಿ ಬದುಕಿ, ವಾಯಿದೆಯ ದಿನ ಬೆಳಗಿನ ಬಸ್ಸಿನಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾದವರ ಪಕ್ಕದ ಸೀಟಿನಲ್ಲಿ ನಮ್ಮಲ್ಲಿ ಎಷ್ಟು ಜನ ಕುಳಿತಿದ್ದೆವು ಎಂಬುದು ನನ್ನನ್ನು ಇಂದಿಗೂ ಕಾಡುವ ಪ್ರಶ್ನೆ. ಅಹಿಂಸೆಯ ಕೆಲಸವೆಂದರೆ ಕಲ್ಲು ಬೀಳದಂತೆ ತಡೆಯುವುದಷ್ಟೇ ಎಂದುಕೊಂಡರೆ ನಿಮ್ಮ ಒಕ್ಕೂಟ ಠಾಣೆಯ ಸಭೆಗಿಂತ ಬೇರೆಯಾಗುವುದಿಲ್ಲ. 1981ರಲ್ಲಿ ಹುಟ್ಟಿದ ಪೀಸ್ ಬ್ರಿಗೇಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ಸ್ವಯಂಸೇವಕರು ಗ್ವಾಟೆಮಾಲಾದಲ್ಲಿ ಕಾಣೆಯಾದವರ ಮನೆಯವರ ಜೊತೆ, ಕೈಯಲ್ಲಿ ಏನನ್ನೂ ಹಿಡಿಯದೆ, ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಓಡಾಡುವುದನ್ನೇ ಒಂದು ಕೆಲಸವನ್ನಾಗಿ ಮಾಡಿಕೊಂಡರು. ಹೊರಗಿನವರು ನೋಡುತ್ತಿದ್ದಾರೆ ಎಂಬ ಅರಿವೇ ಹಲ್ಲೆಕೋರರ ಕೈಯನ್ನು ತಡೆಯುತ್ತಿತ್ತು.

ನಮ್ಮಲ್ಲಿ ಇದಕ್ಕೆ ಕಾನೂನಿನ ಆಧಾರವೂ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆಂದೇ ಒಂದು ಅಧ್ಯಾಯವನ್ನು ಸೇರಿಸಿದೆ. ರಕ್ಷಣೆ, ಪ್ರಯಾಣದ ಖರ್ಚು ಎಲ್ಲವೂ ಅದರಲ್ಲಿವೆ. ಅದೇ ಕಾಯ್ದೆಯ 1995ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದರಲ್ಲಿ ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳಿಗೂ ಸ್ಥಾನವಿದೆ. ಒಕ್ಕೂಟದ ಮೊದಲ ಕೆಲಸವಾಗಿ ಆ ಸಭೆಗಳ ನಡಾವಳಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ನೋಡಿ. ಮಸೀದಿ ಸಮಿತಿಯವರೂ ರೈತ ಸಂಘದವರೂ ಆ ಅರ್ಜಿಗೆ ಸಹಿ ಹಾಕಿದರೆಂದು ತಿಳಿದಾಗ ಆ ಹಿರಿಯರು ಏನು ಹೇಳುತ್ತಾರೆಂದು ನನಗೂ ತಿಳಿಸಿ.

ಉತ್ತರ 3: ವಕೀಲ, ಗೌರಿಬಿದನೂರು

ನೋಂದಣಿಯ ವಿಷಯ ಮೊದಲು ಮುಗಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ಮಾಡಬಹುದು. ಆದರೆ ನೋಂದಣಿಯಾದ ದಿನವೇ ಅಧ್ಯಕ್ಷ ಯಾರು, ಖಜಾಂಚಿ ಯಾರು ಎಂಬ ಜಗಳ ಶುರುವಾಗುವುದನ್ನು ನಾನು ವೃತ್ತಿಯಲ್ಲಿ ಸಾಕಷ್ಟು ಕಂಡಿದ್ದೇನೆ. ವಿದೇಶಿ ದೇಣಿಗೆಯ ಆಸೆಯಿದ್ದರೆ ಬಿಡಿ; ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಸದ್ಯಕ್ಕೆ ಒಂದು ಪುಟದ ಒಪ್ಪಂದ ಪತ್ರ ಸಾಕು.

ಭಿನ್ನ ಉದ್ದೇಶದವರು ಒಟ್ಟಾದದ್ದಕ್ಕೆ ಬಹಳ ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರ ಪ್ರಜಾಪಕ್ಷ ಮತ್ತು ಹಳೆಯ ಪ್ರಜಾಮಿತ್ರ ಮಂಡಳಿ 1934ರಲ್ಲಿ ಕೂಡಿ ಪ್ರಜಾ ಸಂಯುಕ್ತ ಪಕ್ಷವಾದವು. ಇದು ಬ್ರಾಹ್ಮಣೇತರರ ಪಕ್ಷ. ಆ ಕಾಲದ ಮೈಸೂರು ಕಾಂಗ್ರೆಸ್ಸಿನಲ್ಲಿ ಬ್ರಾಹ್ಮಣರ ಪ್ರಾಬಲ್ಯವಿದೆ ಎಂಬ ಗುಮಾನಿ ಅವರಿಗಿತ್ತು. ಆದರೂ 1937ರಲ್ಲಿ ಎರಡೂ ಒಂದಾದವು. ಮರುವರ್ಷ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ನಮ್ಮ ವಿದುರಾಶ್ವತ್ಥದಲ್ಲಿ ಗೋಲಿಬಾರು. ಸತ್ತವರು ಜನರ ಲೆಕ್ಕದಲ್ಲಿ 32, ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಅಷ್ಟು ಹೆಣ ಬಿದ್ದ ಮೇಲೂ ಚಳವಳಿ ಕೈಮೀರಲಿಲ್ಲ. ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿ ಒಪ್ಪಂದವಾಯಿತು. ಒಡೆದ ಎರಡು ಪಕ್ಷಗಳಾಗಿದ್ದರೆ ಯಾರ ಜೊತೆ ಮಾತನಾಡಬೇಕೆಂಬುದೇ ದಿವಾನರಿಗೆ ತಿಳಿಯುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಟ್ಯುನೀಶಿಯಾದಲ್ಲಿ 2013ರಲ್ಲಿ ಕಾರ್ಮಿಕ ಒಕ್ಕೂಟ, ಮಾಲೀಕರ ಒಕ್ಕೂಟ, ಮಾನವ ಹಕ್ಕುಗಳ ಸಂಘ ಮತ್ತು ವಕೀಲರ ಸಂಘ ಸೇರಿ ಪಕ್ಷಗಳನ್ನು ಮಾತುಕತೆಗೆ ಕೂರಿಸಿದ್ದಕ್ಕೆ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಕೂಲಿಯ ವಿಷಯದಲ್ಲಿ ಕಾರ್ಮಿಕರೂ ಮಾಲೀಕರೂ ರಾಜಿಯಾಗಿರಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. (2021ರಲ್ಲಿ ಅಲ್ಲಿಯ ಅಧ್ಯಕ್ಷರು ಸಂಸತ್ತನ್ನೇ ಅಮಾನತಿನಲ್ಲಿಟ್ಟರು ಎಂಬುದನ್ನೂ ಮರೆಯಬಾರದು.) ನಿಮ್ಮ ಒಪ್ಪಂದ ಪತ್ರದಲ್ಲೂ ಸಿದ್ಧಾಂತ ಬೇಡ; ಯಾರ ಮೇಲೂ ಕೈ ಎತ್ತುವುದಿಲ್ಲ, ವದಂತಿಯನ್ನು ವಿಚಾರಿಸದೆ ವಾಟ್ಸಾಪ್‌ನಲ್ಲಿ ಹಂಚುವುದಿಲ್ಲ, ದೂರು ಕೊಡುವವರನ್ನು ರಾಜಿಗೆ ಒತ್ತಾಯಿಸುವುದಿಲ್ಲ ಎಂಬ ಮೂರೇ ಮಾತು ಇರಲಿ. ಮೂರನೆಯದಕ್ಕೆ ಸಹಿ ಹಾಕಲು ಹಿಂಜರಿಯುವವರು ಯಾರೆಂಬುದನ್ನು ಗಮನಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಿನ್ನೆ ಆ ಹಿರಿಯರ ಮನೆಗೆ ಹೋಗಿ ಈ ಉತ್ತರಗಳನ್ನು ಓದಿ ಹೇಳಿದೆ. ವಾಯಿದೆಯ ಬಸ್ಸಿನ ಮಾತು ಬಂದಾಗ ಅವರು ಮತ್ತೊಮ್ಮೆ ಓದಿಸಿಕೊಂಡರು. ಮುಂದಿನ ಸಭೆಗೆ ಬರುತ್ತೇನೆ ಎಂದಿದ್ದಾರೆ, ಆದರೆ ಮಾಹಿತಿ ಹಕ್ಕಿನ ಅರ್ಜಿ ಸಿದ್ಧವಾಗಿರಬೇಕು ಮತ್ತು ಅದರ ಮೇಲೆ ತಮ್ಮ ಸಹಿ ಎಲ್ಲರಿಗಿಂತ ಕೊನೆಯದಾಗಿರಬೇಕು ಎಂಬುದು ಅವರ ಷರತ್ತು. ಒಕ್ಕೂಟದ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ವಕೀಲರೇ, ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕೋ ಸಮಾಜ ಕಲ್ಯಾಣ ಇಲಾಖೆಗೋ?