ಮರು: ‘ಫಾಲ್ಟ್ ಟಾಲರೆಂಟ್ ಸರ್ವರ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ಒಂದು ಭಾಗ ಕೆಟ್ಟರೂ ನಿಲ್ಲದೆ ಕೆಲಸ ಮುಂದುವರಿಸುವ ‘ಫಾಲ್ಟ್ ಟಾಲರೆಂಟ್’ ಸರ್ವರಿಗೆ ಕನ್ನಡದಲ್ಲಿ ಏನೆನ್ನಬೇಕೆಂದೂ, ಸರ್ವರ್ ಕೋಣೆಯ ಹಲಗೆಗೂ ತಂತ್ರಜ್ಞರ ಕೈಪಿಡಿಗೂ ಪದಗಳು ಈ ವಾರವೇ ಬೇಕೆಂದೂ ಕೇಳಿದ್ದೀರಿ. ಬಂದ ಉತ್ತರಗಳಲ್ಲಿ ಹೆಚ್ಚಿನವು ಸಂಸ್ಕೃತ ಬೇಕೇ ಬೇಡವೇ ಎಂಬ ಹಳೆಯ ಜಗಳಕ್ಕೆ ಇಳಿದಿರುವುದರಿಂದ, ನಾನು ಮೊದಲು ವಸ್ತುವನ್ನು ನೋಡಿ ಆಮೇಲೆ ಪದಕ್ಕೆ ಬರುತ್ತೇನೆ.

ಬಂದ ಉತ್ತರಗಳಲ್ಲೊಂದಾದ ‘ತಪ್ಪುತಾಳಿಕೆ’ ಸಲ್ಲದು. ಅದು ಅಚ್ಚಗನ್ನಡವೆಂಬುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಹೆಸರಿಸುವುದು ಬೇರೆಯದನ್ನು. ಈ ಶಾಸ್ತ್ರದಲ್ಲಿ ಫಾಲ್ಟ್, ಎರರ್, ಫೇಲ್ಯೂರ್ ಮೂರೂ ಬೇರೆ ಬೇರೆ. ಮೆಮೊರಿ ಚಿಪ್‌ನ ಒಂದು ಕೋಶ ಕೆಟ್ಟಿರುವುದು ದೋಷ. ಅಲ್ಲಿಂದ ಓದಿದ ಬಿಟ್ ಸೊನ್ನೆಯ ಬದಲು ಒಂದಾಗಿ ಬರುವುದು ತಪ್ಪು. ಆ ತಪ್ಪು ಎಲ್ಲಿಯೂ ಸಿಕ್ಕಿಬೀಳದೆ ಗ್ರಾಹಕರ ಖಾತೆಯ ಮೊತ್ತವನ್ನೇ ಕೆಡಿಸಿ ಹೊರಬಂದರೆ ವೈಫಲ್ಯ. ದೋಷ ಇದ್ದರೂ ಅದು ವೈಫಲ್ಯದವರೆಗೆ ಬೆಳೆಯದಂತೆ ನೋಡಿಕೊಳ್ಳುವ ಯಂತ್ರಕ್ಕೆ ‘ದೋಷಸಹಿಷ್ಣು’ ಎಂಬುದೇ ಸರಿಯಾದ ಹೆಸರು. ಮೊಬೈಲ್ ಪರದೆಗಳಲ್ಲಿ ಎರರ್‌ಗೂ ‘ದೋಷ’ ಎಂದೇ ಬರೆದು ಈಗಾಗಲೇ ಗೊಂದಲ ಎಬ್ಬಿಸಿರುವುದರಿಂದ, ಕೈಪಿಡಿಯ ಮೊದಲ ಪುಟದಲ್ಲೇ ಈ ಮೂರನ್ನು ಬೇರ್ಪಡಿಸಿ ಹೇಳಿಬಿಡಿ.

‘ಸಹಿಷ್ಣು’ ಎಂದರೆ ಬಾಯಿಮುಚ್ಚಿಕೊಂಡು ಅನುಭವಿಸುವವನು ಎಂದು ಒಬ್ಬರು ಬರೆದಿದ್ದಾರೆ. ಧಾತುವನ್ನು ನೋಡದೆ ಆಡಿದ ಮಾತು ಇದು. ವೇದದ ಭಾಷೆಯಲ್ಲಿ ‘ಸಹ್’ ಎಂದರೆ ಎದುರಿಸಿ ಗೆಲ್ಲು. ‘ಸಹಸ್’ ಎಂದರೆ ಬಲ. ನಮ್ಮ ‘ಸಾಹಸ’ ಬಂದದ್ದೂ ಅಲ್ಲಿಂದಲೇ. ಕೆಟ್ಟ ಭಾಗವನ್ನು ಹೊರಗಿಟ್ಟು ಲೆಕ್ಕ ಮುಂದುವರಿಸುವ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ಧಾತು ನನಗೆ ಕಾಣುವುದಿಲ್ಲ.

ನಿಜವಾದ ತೊಡಕು ಇರುವುದು ರಿಡಂಡೆನ್ಸಿಯಲ್ಲಿ, ಅಂದರೆ ಒಂದು ಕೆಟ್ಟರೂ ಕೆಲಸ ನಿಲ್ಲದಿರಲೆಂದು ಅದೇ ಭಾಗವನ್ನು ಒಂದಕ್ಕಿಂತ ಹೆಚ್ಚು ಇಡುವುದಕ್ಕೆ ಪದ ಹುಡುಕುವಲ್ಲಿ. ನಿಘಂಟಿನ ಮೊದಲ ಅರ್ಥವನ್ನು ಎತ್ತಿಕೊಂಡು ‘ಅನಗತ್ಯ ವಿದ್ಯುತ್ ಪೂರೈಕೆ’ ಎಂದು ಹಲಗೆ ಬರೆಸಿದರೆ, ಓದಿದ ಮೊದಲ ಪ್ರಾಮಾಣಿಕ ನೌಕರ ಪ್ಲಗ್ ಕಿತ್ತು ಪಕ್ಕಕ್ಕಿಡುತ್ತಾನೆ. ‘ಬದಲಿ’ ಆದೀತು ಎಂದವರಿಗೆ ಇನ್ನೊಬ್ಬರು ಅದು ಅರಬ್ಬಿ ಮೂಲದ್ದೆಂದು ತಕರಾರು ಎತ್ತಿದ್ದಾರೆ. ‘ತಕರಾರು’ ಕೂಡ ಅದೇ ಹಡಗಿನಲ್ಲಿ ಬಂದದ್ದೆಂದೂ, ‘ಸರ್ವರ್’ ಬಗ್ಗೆ ಅವರು ಚಕಾರ ಎತ್ತಿಲ್ಲವೆಂದೂ ಹೇಳಿ ಆ ವಾದವನ್ನು ಇಲ್ಲಿಗೇ ಬಿಡುತ್ತೇನೆ. ನನ್ನ ಆಕ್ಷೇಪ ಬೇರೆ. ಬದಲಿ ಎಂದರೆ ಮೂಲದವನು ಬಾರದ ದಿನ ಬರುವವನು. ದೋಷಸಹಿಷ್ಣು ಯಂತ್ರಗಳು ಯಾವಾಗಲೂ ಹಾಗಿರುವುದಿಲ್ಲ. 1974ರಲ್ಲಿ ಆರಂಭವಾದ ಟ್ಯಾಂಡಮ್ ಕಂಪನಿಯ ನಾನ್‌ಸ್ಟಾಪ್ ಯಂತ್ರಗಳಲ್ಲಿ ಒಂದು ಪ್ರೊಸೆಸರ್‌ನಲ್ಲಿ ನಡೆಯುವ ಕೆಲಸಕ್ಕೆ ಇನ್ನೊಂದರಲ್ಲಿ ಜೋಡಿ ಇರುತ್ತಿತ್ತು, ಆದರೆ ಆ ಇನ್ನೊಂದು ಪ್ರೊಸೆಸರ್ ಕೈಕಟ್ಟಿ ಕೂರದೆ ತನ್ನ ಪಾಲಿನ ಕೆಲಸವನ್ನೂ ಮಾಡುತ್ತಿತ್ತು. 1980ರಲ್ಲಿ ಹುಟ್ಟಿದ ಸ್ಟ್ರೇಟಸ್ ಕಂಪನಿಯ ಯಂತ್ರಗಳಲ್ಲಿ ಎರಡು ಬೋರ್ಡುಗಳು ಒಂದೇ ಕೆಲಸವನ್ನು ಏಕಕಾಲಕ್ಕೆ ನಡೆಸುತ್ತಿದ್ದವು. ಪ್ರತಿ ಬೋರ್ಡಿನೊಳಗೂ ಪ್ರೊಸೆಸರ್ ಜೋಡಿಯ ಉತ್ತರಗಳನ್ನು ಹೋಲಿಸುವ ಏರ್ಪಾಡು ಇತ್ತು. ಉತ್ತರ ತಾಳೆಯಾಗದ ಬೋರ್ಡು ತಾನಾಗಿ ಹಿಂದೆ ಸರಿದರೆ ಇನ್ನೊಂದು ನಿಲ್ಲದೆ ಮುಂದುವರಿಯುತ್ತಿತ್ತು. ಇಲ್ಲಿ ಯಾವುದನ್ನು ಬದಲಿ ಎನ್ನುತ್ತೀರಿ?

ನಮ್ಮಲ್ಲಿ ‘ಇಮ್ಮಡಿ’, ‘ಮುಮ್ಮಡಿ’ ಸಿದ್ಧವಾಗಿವೆ. ಇವನ್ನು ಅರಸರ ಹೆಸರಿಗಷ್ಟೇ ಮೀಸಲಿಡಬೇಕಾದ ಕಾರಣವಿಲ್ಲ. ‘ಮಡಿ’ಗೆ ಪಟ್ಟು ಎಂಬ ಅರ್ಥ ಇಂದಿಗೂ ಜೀವಂತವಾಗಿದೆ. ಎಣಿಕೆ ಈ ಶಾಸ್ತ್ರದ ತಿರುಳು ಕೂಡ. ಇಬ್ಬರ ಉತ್ತರ ಬೇರೆಯಾದರೆ ಯಾರೋ ಒಬ್ಬರು ತಪ್ಪಿದ್ದಾರೆಂದು ಗೊತ್ತಾಗುತ್ತದೆಯೇ ಹೊರತು ಯಾರೆಂದು ತಿಳಿಯುವುದಿಲ್ಲ. ಮೂವರಿದ್ದರೆ ಬಹುಮತದಿಂದ ತಪ್ಪಿದವರನ್ನು ಹೊರಗಿಡಬಹುದು. ‘ಇಮ್ಮಡಿ ಜೋಡಣೆ’, ‘ಮುಮ್ಮಡಿ ಜೋಡಣೆ’ ಎಂದ ಕೂಡಲೇ ಈ ವ್ಯತ್ಯಾಸ ತಂತ್ರಜ್ಞರಿಗೆ ಹೊಳೆಯುತ್ತದೆ. ಎಣಿಕೆ ಮುಖ್ಯವಲ್ಲದ ಕಡೆ ‘ಹೆಚ್ಚುವರಿ’ ಸಾಕು. ಮುಖ್ಯ ಯಂತ್ರ ಕೆಡುವವರೆಗೆ ಸುಮ್ಮನೆ ಕಾದಿರುವ ಯಂತ್ರಕ್ಕೆ ಮಾತ್ರ ‘ಬದಲಿ’ ಎನ್ನಿ.

‘ಅಧಿಕ ಲಭ್ಯತೆ’ಯನ್ನು (ಹೈ ಅವೈಲಬಿಲಿಟಿ) ದೋಷಸಹಿಷ್ಣುತೆಯೊಂದಿಗೆ ಬೆರೆಸಬೇಡಿ. ಅಲ್ಲಿ ಸೇವೆ ಅರೆಗಳಿಗೆ ನಿಂತು ಇನ್ನೊಂದು ಯಂತ್ರದಲ್ಲಿ ಮತ್ತೆ ಆರಂಭವಾಗಬಹುದು, 99.999 ಶೇಕಡಾ ಲಭ್ಯತೆ ಎಂದರೂ ವರ್ಷಕ್ಕೆ ಐದು ನಿಮಿಷಕ್ಕಿಂತ ತುಸು ಹೆಚ್ಚು ನಿಲುಗಡೆಗೆ ಅವಕಾಶವಿರುತ್ತದೆ.

ಹಲಗೆಗೆ ನನ್ನ ಒಕ್ಕಣೆ ಇದು: ‘ಇಮ್ಮಡಿ ವಿದ್ಯುತ್ ಪೂರೈಕೆ. ಒಂದು ಸಲಕ್ಕೆ ಒಂದನ್ನು ಮಾತ್ರ ಕಳಚಿ. ಇನ್ನೊಂದರ ಹಸಿರು ದೀಪ ಉರಿಯುತ್ತಿರುವುದನ್ನು ಮೊದಲು ನೋಡಿ.’ ದೀಪ ಹಸಿರೋ ನೀಲಿಯೋ ಎಂಬುದನ್ನು ಬರೆಸುವ ಮುನ್ನ ನಿಮ್ಮ ಯಂತ್ರದಲ್ಲೇ ನೋಡಿಕೊಳ್ಳಿ.