ಪದಚರ್ಚೆ: ಹಿಮದಲ್ಲಿ ಕೆಡದೆ ಉಳಿದ ದೇಹಕ್ಕೆ ಏನೆನ್ನಬೇಕು?

ಆತ್ಮೀಯರೇ,

ತೀರ್ಥಹಳ್ಳಿಯ ನಮ್ಮ ಶಾಲೆಯ ಮಕ್ಕಳು ಗೋಡೆಪತ್ರಿಕೆಗೆ ಓಟ್ಸಿಯ ಬಗ್ಗೆ ಬರೆಯುತ್ತಿದ್ದಾರೆ. 1991ರ ಸೆಪ್ಟೆಂಬರ್‌ನಲ್ಲಿ ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯಾ–ಇಟಲಿ ಗಡಿಯ ಬಳಿ, ಸುಮಾರು 3,210 ಮೀಟರ್ ಎತ್ತರದಲ್ಲಿ ಸಿಕ್ಕಿದ 5,300 ವರ್ಷ ಹಿಂದಿನ ಮನುಷ್ಯ ಆತ. ಮಕ್ಕಳು ‘ಹಿಮಮಾನವ’ ಎಂದು ಹುಡುಕಿದರು. ಬಂದದ್ದೆಲ್ಲ ಹಿಮಾಲಯದ ಯೇತಿಯ ಕಥೆಗಳು. ಕಟ್ಟುಕಥೆಯ ಪ್ರಾಣಿಗೂ ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿರುವ ಓಟ್ಸಿಯ ದೇಹಕ್ಕೂ ಒಂದೇ ಹೆಸರಾದರೆ, ನಂಬಬಹುದಾದ ಬರಹ ಮಕ್ಕಳ ಕೈಗೆ ಸಿಗುವುದು ಹೇಗೆ?

‘ಪಳೆಯುಳಿಕೆ’ ಎಂಬುದಂತೂ ತಪ್ಪು. ಅವನು ಕಲ್ಲಾಗಿಲ್ಲ, ಚರ್ಮವಿದೆ, ಅದರ ಮೇಲೆ 61 ಹಚ್ಚೆಗಳಿವೆ, ಹೊಟ್ಟೆಯಲ್ಲಿ ಕಡೆಯ ಊಟವೂ ಇತ್ತು. ‘ಸಂರಕ್ಷಿತ ಶವ’ ಎಂದರೆ ಯಾರೋ ಬೇಕೆಂದೇ ಕಾಪಾಡಿದರು ಎಂಬ ಅರ್ಥ ಬರುತ್ತದೆ. ಆತನ ಎಡಭುಜದಲ್ಲಿ ಬಾಣದ ಮೊನೆ ಇರುವುದು 2001ರಲ್ಲಿ ಎಕ್ಸ್‌ರೇಯಿಂದ ತಿಳಿಯಿತು. ಬಿದ್ದಲ್ಲೇ ಸತ್ತವನನ್ನು ಕಾಪಾಡಿದ್ದು ಹಿಮ ಮಾತ್ರ.

ನನ್ನನ್ನು ಹೆಚ್ಚು ಕಾಡಿದ ಪದ ‘ಮಮ್ಮಿ’. ಡಾಂಬರಿನಂಥ ಕಪ್ಪು ಅಂಟಿಗೆ ಅರಬ್ಬಿಯಲ್ಲಿದ್ದ ‘ಮೂಮಿಯಾ’ ಎಂಬ ಹೆಸರು ಇದರ ಮೂಲ. ಈಜಿಪ್ಟಿನ ಮಮ್ಮಿ ಉಪ್ಪಿನಲ್ಲಿ ಒಣಗಿಸಿದ್ದು. ಓಟ್ಸಿಯ ದೇಹದಲ್ಲಾದರೋ ತೇವ ಉಳಿದಿದೆ. ಅದು ಆರದಿರಲೆಂದೇ ಮೈನಸ್ 6 ಡಿಗ್ರಿಯಲ್ಲಿ, ಶೇ 99ರ ಆರ್ದ್ರತೆಯಲ್ಲಿ ಇಟ್ಟು, ಆಗಾಗ ನೀರು ಸಿಂಪಡಿಸುತ್ತಾರೆ. ಬಿಸಿಲಲ್ಲಿ ಒಣಗಿಸಿದ ಚಾಲಿ ಅಡಿಕೆಯೂ ಕೆಡುವುದಿಲ್ಲ, ನೀರಿನಲ್ಲಿ ಹಾಕಿಟ್ಟ ನೀರಡಿಕೆಯೂ ಕೆಡುವುದಿಲ್ಲ. ಆದರೆ ಅಡಿಕೆ ಬೆಳೆಯುವ ಯಾರೂ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ.

‘ಮಂಜಿನಲ್ಲಿ ಸಿಕ್ಕ ದೇಹ’ ಎಂದು ನಾನೇ ಬರೆದುಕೊಟ್ಟಿದ್ದೆ. ಆಗುಂಬೆಯ ಕಡೆಯ ಹುಡುಗಿಯೊಬ್ಬಳು, “ದಾರಿ ಕಾಣದೆ ಸತ್ತನೇ, ಸರ್?” ಎಂದು ಕೇಳಿದಳು. ಅವಳ ಮಂಜು ಘಾಟಿಯನ್ನು ಮುಸುಕುವ ಮಂಜು. ಅಂದೇ ಅದನ್ನು ಅಳಿಸಿ ‘ಹಿಮ’ ಎಂದು ತಿದ್ದಿದೆ.

ಉತ್ತರಾಖಂಡದ ಹಿಮಾಲಯದಲ್ಲಿ ನೂರಾರು ಜನರ ಮೂಳೆಗಳು ಸಿಕ್ಕಿರುವ ರೂಪಕುಂಡ ಸರೋವರದ ಬಗ್ಗೆ ಬರೆಯುವಾಗಲೂ ಇದೇ ಎಚ್ಚರ ಬೇಕು. ಅಲ್ಲಿಯವರೆಲ್ಲ ಒಂದೇ ಆಲಿಕಲ್ಲಿನ ಮಳೆಗೆ ಸತ್ತರು ಎಂದು ಈಗಲೂ ಬರೆಯುತ್ತಾರೆ. 2019ರಲ್ಲಿ ಪ್ರಕಟವಾದ 38 ಜನರ ಡಿಎನ್‌ಎ ಅಧ್ಯಯನದ ಪ್ರಕಾರ ಅವರ ಸಾವುಗಳ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ. ಅವನ್ನು ‘ಅಸ್ಥಿಪಂಜರಗಳು’ ಎನ್ನುವುದೇ ಸರಿ. ಉಳಿದಿರುವುದು ಬಹುಪಾಲು ಮೂಳೆ.

ಓಟ್ಸಿಗೆ ‘ಹಿಮದೇಹ’ ಎನ್ನಬಹುದೇ? ‘ಹಿಮಶವ’ ಎಂದರೆ ನಿಖರ, ಆದರೆ ಮಕ್ಕಳ ಬರಹಕ್ಕೆ ಒರಟು ಎನಿಸುತ್ತದೆ. ಒಣಗದೆ, ಕೊಳೆಯದೆ ಹಸಿಯಾಗಿಯೇ ಉಳಿದದ್ದಕ್ಕೆ ನಿಮ್ಮ ಮನೆಮಾತಿನಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ.